ಎಷ್ಟು ತೊಳೆದರೂ ಜಿಂಕೆಗೆ ನನ್ನ ವಾಸನೆ ಹತ್ತುವುದು ಯಾಕೆ?

ಹೊಸಬಿಲ್ಲು

ಎಲ್ಲರಿಗೂ ನಮಸ್ಕಾರ. ಬಿಲ್ಲು ಹಿಡಿದು ನನಗಿದು ಮೂರನೇ ವರ್ಷ. ಲೈಸೆನ್ಸ್ ಇದೆ, ಜಮೀನಿನವರ ಒಪ್ಪಿಗೆ ಇದೆ, ಬೇಟೆಯ ಋತುವೂ ತೆರೆದಿದೆ. ಆದರೆ ಒಂದು ಜಿಂಕೆಯೂ ಬಾಣ ಬಿಡುವಷ್ಟು ಹತ್ತಿರ ಬರುತ್ತಿಲ್ಲ. ಪ್ರತಿ ಸಲವೂ ವಾಸನೆ ಹಿಡಿದು ಓಡುತ್ತವೆ.

ಕಳೆದ ಶನಿವಾರ ಆದದ್ದನ್ನು ಹೇಳುತ್ತೇನೆ. ಪರಿಮಳ ಇಲ್ಲದ ಸೋಪಿನಲ್ಲಿ ಸ್ನಾನ ಮಾಡಿದೆ. ಬಟ್ಟೆಯನ್ನು ಅಡುಗೆ ಸೋಡಾದಲ್ಲಿ ಒಗೆದು, ಹೊರಗೆ ಒಣಗಿಸಿ, ಮುಚ್ಚಳ ಇರುವ ಡಬ್ಬದಲ್ಲಿ ಇಟ್ಟಿದ್ದೆ. ವಾಸನೆ ಹೀರಿಕೊಳ್ಳಲಿ ಅಂತ ಇದ್ದಿಲಿನ ಪದರ ಇರುವ ಕಾರ್ಬನ್ ಜಾಕೆಟ್ ಹಾಕಿದ್ದೆ. ಬೂಟಿನಿಂದ ಟೋಪಿವರೆಗೆ ಮೈವಾಸನೆ ಅಳಿಸುವ ಸ್ಪ್ರೇ ಹೊಡೆದಿದ್ದೆ. ಮಧ್ಯಾಹ್ನ 3 ಗಂಟೆಗೆ ಅಟ್ಟಣೆ ಹತ್ತಿ ಕೂತೆ, ನೆಲದಿಂದ ಸುಮಾರು 5 ಮೀಟರ್ ಎತ್ತರ. 4:50ರ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಬಂತು, ಹಿಂದೆ ಎರಡು ಮರಿ. ಐವತ್ತು ಹೆಜ್ಜೆ ದೂರದಲ್ಲಿ ತಾಯಿ ನಿಂತಿತು. ನಾಲಿಗೆಯಿಂದ ಮೂಗು ನೆಕ್ಕಿಕೊಂಡಿತು. ಮುಂಗಾಲನ್ನು ಎರಡು ಸಲ ನೆಲಕ್ಕೆ ಕುಟ್ಟಿತು. ಆಮೇಲೆ ಫೂಸ್ ಅಂತ ಜೋರಾಗಿ ಉಸಿರು ಬಿಟ್ಟಿತು. ಬಿಳಿ ಬಾಲ ಎತ್ತಿ ಮೂರೂ ಓಡಿದವು. ಅರ್ಧ ಗಂಟೆ ಬಿಟ್ಟು ಒಂದು ಎಳೆಯ ಗಂಡು ಬಂತು. ಅದೂ ನಡುದಾರಿಯಲ್ಲಿ ನಿಂತು, ಬಂದ ಕಡೆಗೇ ತಿರುಗಿತು.

ಗಾಳಿ ನನ್ನ ಮುಖಕ್ಕೇ ಬರುತ್ತಿತ್ತು. ಇನ್ನೇನು ತೊಳೆಯಲಿ? ಸ್ಪ್ರೇ ಬದಲಾಯಿಸಬೇಕಾ?

ಹಳೆಬೂಟು

ಸ್ಪ್ರೇ ಮಾತು ಆಮೇಲೆ ಆಡೋಣ. ಮೊದಲು ಇದಿಷ್ಟು ಹೇಳಿ. ನೀವು ಕೂತಿದ್ದು ಬಯಲಲ್ಲೋ, ಇಳಿಜಾರಲ್ಲೋ? ಇಳಿಜಾರಾದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ? ಜಿಂಕೆ ಬಂದದ್ದು ನಿಮಗಿಂತ ಮೇಲಿನಿಂದಲೋ, ಕೆಳಗಿನಿಂದಲೋ? ಅಟ್ಟಣೆಗೆ ಯಾವ ದಾರಿ ಹಿಡಿದು ಹೋದಿರಿ?

ಇನ್ನೊಂದು ಬಹಳ ಮುಖ್ಯ. ತಾಯಿ ಜಿಂಕೆ ನಿಂತಾಗ ಅದರ ಮೂಗು ಎಲ್ಲಿತ್ತು, ಮೇಲಕ್ಕಾ ನೆಲಕ್ಕಾ? ಆ ಗಂಡು ನಿಂತಾಗ?

ಹೊಸಬಿಲ್ಲು

ಇಳಿಜಾರು ಸರ್. ಪೂರ್ವಕ್ಕೆ ಮುಖ. ಅದರ ಬುಡದಲ್ಲಿ ಒಂದು ತೊರೆ, ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ತೊರೆಯ ಪಕ್ಕದಲ್ಲೇ ಜಿಂಕೆ ಓಡಾಡುವ ದಾರಿ. ಗೊರಸಿನ ಗುರುತು ತುಂಬಾ ಇದೆ. ನನ್ನ ಅಟ್ಟಣೆ ಆ ದಾರಿಗಿಂತ ಮೇಲೆ, ಇಳಿಜಾರಿನ ನಡುವೆ. ಅವತ್ತು ಪೂರ್ವದ ಗಾಳಿ, ಗಂಟೆಗೆ 6 ಕಿಲೋಮೀಟರ್ ಅಂತ ಹವಾಮಾನ ಆ್ಯಪ್ ಹೇಳಿತ್ತು. ತೊರೆ ಕಡೆಯಿಂದ ನನ್ನ ಮುಖಕ್ಕೆ ಬರುತ್ತದೆ ಅಂತಲೇ ಆ ಮರ ಆರಿಸಿದ್ದು. ಹತ್ತುವಾಗ ನಿಜಕ್ಕೂ ಮುಖಕ್ಕೇ ಬರುತ್ತಿತ್ತು. ಜಿಂಕೆಗಳು ಉತ್ತರದ ಕಡೆಯಿಂದ, ತೊರೆ ಪಕ್ಕದ ದಾರಿಯಲ್ಲೇ ಬಂದವು.

ನಾನು ನಡೆದು ಹೋದದ್ದು ದಕ್ಷಿಣದಿಂದ, ಅದೇ ದಾರಿಯಲ್ಲಿ. ಅಟ್ಟಣೆಯ ನೇರಕ್ಕೆ ಬಂದು, ಇನ್ನೂ ಹದಿನೈದು ಹೆಜ್ಜೆ ಮುಂದೆ ಹೋಗಿ ಗೊರಸಿನ ಗುರುತು ನೋಡಿ, ಆಮೇಲೆ ಮೇಲೆ ಹತ್ತಿದೆ.

ಮೂಗಿನ ಪ್ರಶ್ನೆ ಕೇಳಿದ ಮೇಲೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ತಾಯಿಯ ಮೂಗು ಮೇಲಕ್ಕಿತ್ತು, ನನ್ನ ಕಡೆಗೇ. ಗಂಡಿನ ಮೂಗು ನೆಲಕ್ಕಿತ್ತು. ನಾನು ಗುರುತು ನೋಡಿದ ಜಾಗದ ಹತ್ತಿರವೇ ಅದು ನಿಂತದ್ದು.

ಹಳೆಬೂಟು

ಹಾಗಾದರೆ ನಿಮ್ಮ ತಪ್ಪು ಒಂದಲ್ಲ, ಎರಡು. ಎರಡಕ್ಕೂ ಸೋಪಿಗೂ ಸಂಬಂಧ ಇಲ್ಲ.

ಮೂಗು ಮೇಲೆತ್ತಿದ ಜಿಂಕೆ ಗಾಳಿಯಲ್ಲಿ ಬಂದ ವಾಸನೆ ಹಿಡಿದಿದೆ. ಮೂಗು ನೆಲಕ್ಕೆ ಇಟ್ಟ ಜಿಂಕೆ ನಿಮ್ಮ ಹೆಜ್ಜೆಯ ವಾಸನೆ ಹಿಡಿದಿದೆ. ಇವೆರಡನ್ನೂ ಒಂದೇ ಅಂದುಕೊಂಡರೆ ಯಾವುದಕ್ಕೂ ಪರಿಹಾರ ಸಿಗುವುದಿಲ್ಲ.

ಮೊದಲು ಗಾಳಿ. ಆ್ಯಪ್ ಹೇಳುವುದು ದೊಡ್ಡ ಗಾಳಿಯನ್ನು. ಅದು ಮರದ ತುದಿಯ ಮೇಲೆ, ಗುಡ್ಡದ ಮೇಲೆ ಬೀಸುವ ಗಾಳಿ. ನೆಲದ ಹತ್ತಿರ ಇನ್ನೊಂದು ಗಾಳಿ ಇದೆ. ಬಿಸಿಲು ಬಿದ್ದ ಇಳಿಜಾರು ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಹಗುರಾಗಿ ಇಳಿಜಾರಿನ ಗುಂಟ ಮೇಲಕ್ಕೆ ಏರುತ್ತದೆ. ಬಿಸಿಲು ಹೋದ ಮೇಲೆ ನೆಲ ತಣ್ಣಗಾಗುತ್ತದೆ. ಗಾಳಿಯೂ ತಣ್ಣಗಾಗಿ, ಭಾರವಾಗಿ, ಕೆಳಕ್ಕೆ ಜಾರುತ್ತದೆ. ನೀರು ಹರಿದ ಹಾಗೆಯೇ ಅಂದುಕೊಳ್ಳಿ. ತಗ್ಗು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ, ತೊರೆ ಸಿಕ್ಕರೆ ತೊರೆಯ ಜೊತೆಗೇ ಮುಂದೆ ಸಾಗುತ್ತದೆ.

ನಿಮ್ಮದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರು. ಸೂರ್ಯ ಮುಳುಗುವುದಕ್ಕೆ ಇನ್ನೂ ಎಷ್ಟೋ ಹೊತ್ತು ಇರುವಾಗಲೇ ಗುಡ್ಡ ಬಿಸಿಲನ್ನು ಮರೆ ಮಾಡುತ್ತದೆ, ಅಲ್ವಾ? ಅಲ್ಲಿಂದಲೇ ಗಾಳಿ ಕೆಳಕ್ಕೆ ಜಾರಲು ಶುರು. 6 ಕಿಲೋಮೀಟರ್ ಗಾಳಿ ಅಂದರೆ ಏನೂ ಅಲ್ಲ, ಸಂಜೆ ಹೊತ್ತಿಗೆ ಅದೂ ಸತ್ತುಹೋಗುತ್ತದೆ. ಆಗ ನಿಮ್ಮ ಕೆನ್ನೆಗೆ ಏನೂ ಗೊತ್ತಾಗುವುದಿಲ್ಲ, ಗಾಳಿ ನಿಂತಿದೆ ಅನ್ನಿಸುತ್ತದೆ. ಗಾಳಿ ನಿಂತಿರಲಿಲ್ಲ. ನಿಮ್ಮ ಮೈ ಸವರಿಕೊಂಡು ಸುಮ್ನೆ ಇಳಿದು ತೊರೆಗೆ ಹೋಗುತ್ತಿತ್ತು. ಆ ತಾಯಿ ಇದ್ದದ್ದು ಅಲ್ಲೇ.

ಎರಡನೆಯದು ಹೆಜ್ಜೆ. ಜಿಂಕೆ ನಡೆಯುವ ದಾರಿಯಲ್ಲಿ ನೀವು ನಡೆಯಬಾರದು. ಗುರುತು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ದೂರದಿಂದ ದುರ್ಬೀನಿನಲ್ಲಿ ನೋಡಿ. ದಾಟಲೇಬೇಕಾದರೆ ಜಿಂಕೆ ನಿಮ್ಮನ್ನು ಹಾದು ಹೋದ ಮೇಲೆ ಸಿಗುವ ಜಾಗದಲ್ಲಿ ದಾಟಿ, ಹಾಯುವ ಮೊದಲು ಸಿಗುವ ಜಾಗದಲ್ಲಿ ಬೇಡ.

ಮುಂಜಾವು

ಹಳೆಬೂಟು ಹೇಳಿದ್ದೆಲ್ಲ ಸರಿ. ಆದರೆ ಸೋಪಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವುದನ್ನು ಒಪ್ಪಲಾರೆ. ಗಾಳಿ ಯಾವಾಗಲೂ ನಮ್ಮ ಮಾತು ಕೇಳುವುದಿಲ್ಲ. ಒಂದೆರಡು ಸುಳಿ ತಪ್ಪು ಕಡೆಗೆ ಹೋಗಿಯೇ ಹೋಗುತ್ತದೆ. ಆಗ ಆ ಸುಳಿಯಲ್ಲಿ ಎಷ್ಟು ವಾಸನೆ ಇತ್ತು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ನಾನು ಮೈ, ಬಟ್ಟೆ ಶುಚಿಯಾಗಿ ಇಟ್ಟುಕೊಂಡ ದಿನಗಳಲ್ಲಿ ಜಿಂಕೆ ತಲೆ ಎತ್ತಿ, ಒಂದು ನಿಮಿಷ ಅನುಮಾನಿಸಿ, ಮತ್ತೆ ಮೇಯಲು ಶುರು ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೆವರಿ ನೆನೆದು ಕೂತ ದಿನ ಹಾಗಾಗಿಲ್ಲ. ನೇರ ಓಟ.

ಅದಕ್ಕೇ ನನ್ನ ದೊಡ್ಡ ನಿಯಮ ಬೆವರಬಾರದು ಅನ್ನುವುದು. ಅಟ್ಟಣೆಗೆ ನಡೆಯುವಾಗ ತೆಳ್ಳಗಿನ ಒಂದೇ ಅಂಗಿ. ದಪ್ಪ ಜಾಕೆಟ್ ಚೀಲದಲ್ಲಿ. ನಿಧಾನ ನಡಿಗೆ. ಮರದ ಬುಡಕ್ಕೆ ಬಂದ ಮೇಲೆ ಹತ್ತು ನಿಮಿಷ ನಿಂತು ಮೈ ಆರಿಸಿಕೊಂಡು, ಆಮೇಲೆ ಜಾಕೆಟ್ ಹಾಕಿ ಹತ್ತುವುದು. ಇದಕ್ಕೆ ದುಡ್ಡು ಖರ್ಚಿಲ್ಲ, ಅರ್ಧ ಗಂಟೆ ಮೊದಲೇ ಹೊರಟರೆ ಸಾಕು.

ರಸಾಯನಪ್ರಿಯೆ

ನಾನು ಕಲಿತದ್ದು ರಸಾಯನಶಾಸ್ತ್ರ, ಹಾಗಾಗಿ ಈ ಭಾಗಕ್ಕೆ ನಾನು ಬರೆಯುತ್ತೇನೆ.

ತಾಜಾ ಬೆವರಿಗೆ ಹೆಚ್ಚು ವಾಸನೆ ಇಲ್ಲ. ಮೈಯಲ್ಲಿ ಎರಡು ಮುಖ್ಯ ಬಗೆಯ ಬೆವರಿನ ಗ್ರಂಥಿಗಳಿವೆ. ಮೈಯೆಲ್ಲ ಇರುವ ಎಕ್ರೈನ್ ಗ್ರಂಥಿಯಿಂದ ಬರುವುದು ಬಹುಪಾಲು ಉಪ್ಪುನೀರು. ಕಂಕುಳು, ತೊಡೆಸಂದಿಯಲ್ಲಿ ಇರುವ ಅಪೊಕ್ರೈನ್ ಗ್ರಂಥಿಯ ಬೆವರಿನಲ್ಲಿ ಕೊಬ್ಬು, ಪ್ರೋಟೀನು ಇರುತ್ತದೆ. ಚರ್ಮದ ಮೇಲಿನ ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಥರದ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಆಮ್ಲಗಳೂ ಗಂಧಕ ಇರುವ ಅಣುಗಳೂ ಹುಟ್ಟುತ್ತವೆ. ಕಮಟು ವಾಸನೆ ಅಂದರೆ ಅದು. ಬೆವರು ಒಣಗಿದ ಮೇಲೆ ಜಾಸ್ತಿ ನಾರುವುದು ಇದಕ್ಕೇ. ಬ್ಯಾಕ್ಟೀರಿಯಾ ಕೆಲಸ ಮಾಡಲು ಸ್ವಲ್ಪ ಹೊತ್ತು ಬೇಕು.

ಅಡುಗೆ ಸೋಡಾ ಕ್ಷಾರ. ಆ ಆಮ್ಲಗಳ ಜೊತೆ ಸೇರಿ ಅವನ್ನು ಗಾಳಿಗೆ ಹಾರದ ಉಪ್ಪನ್ನಾಗಿ ಮಾಡುತ್ತದೆ. ಹಾಗಾಗಿ ಬಟ್ಟೆಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಎಲ್ಲ ವಾಸನೆಯೂ ಆಮ್ಲ ಅಲ್ಲ. ಜೊತೆಗೆ ಚರ್ಮದಿಂದ ಸತ್ತ ಕಣಗಳು ನಿಮಿಷಕ್ಕೆ ಸಾವಿರಾರು ಉದುರುತ್ತಲೇ ಇರುತ್ತವೆ. ಉಸಿರಿನಲ್ಲಿ ಅಸಿಟೋನ್, ಐಸೊಪ್ರೀನ್ ಇರುತ್ತದೆ. ಅದನ್ನು ಯಾವ ಸೋಪು ತಡೆಯುತ್ತದೆ? ಸ್ನಾನ ಮುಗಿಸಿ ಹೊರಬಂದ ಕ್ಷಣದಿಂದಲೇ ಮೈ ಮತ್ತೆ ವಾಸನೆ ಮಾಡಲು ಶುರು ಮಾಡಿರುತ್ತದೆ.

ಕಾರ್ಬನ್ ಜಾಕೆಟ್ ಬಗ್ಗೆ. ಸಕ್ರಿಯ ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳಿಗೆ ಅಣುಗಳು ಅಂಟಿಕೊಳ್ಳುತ್ತವೆ. ಅದು ಸುಳ್ಳಲ್ಲ. ಆದರೆ ರಂಧ್ರ ತುಂಬಿದ ಮೇಲೆ? ಕಾರ್ಖಾನೆಯಲ್ಲಿ ಇಂಥ ಇದ್ದಿಲನ್ನು ಮತ್ತೆ ಖಾಲಿ ಮಾಡಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಮನೆಯ ಬಟ್ಟೆ ಒಣಗಿಸುವ ಯಂತ್ರದ ಶಾಖ ಅದರ ಹತ್ತನೇ ಒಂದು ಭಾಗದ ಆಸುಪಾಸು. ಹಗುರ ಅಣುಗಳು ಸ್ವಲ್ಪ ಬಿಡಬಹುದು, ಪೂರ್ತಿ ಖಾಲಿ ಆಗುವುದಿಲ್ಲ. ಮೇಲಾಗಿ ನಿಮ್ಮ ಕತ್ತು, ಮುಖ, ಕೈ, ಉಸಿರು ಎಲ್ಲವೂ ಜಾಕೆಟ್ಟಿನ ಹೊರಗೇ ಇರುತ್ತವೆ.

ಓಜೋನ್ ಯಂತ್ರದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಓಜೋನ್ ವಾಸನೆಯ ಅಣುಗಳನ್ನು ಒಡೆಯುತ್ತದೆ ನಿಜ. ನಿಮ್ಮ ಶ್ವಾಸಕೋಶವನ್ನೂ ಸುಡುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಇಟ್ಟಿರುವ ಮಿತಿ 8 ಗಂಟೆಯ ಸರಾಸರಿಗೆ ಹತ್ತು ಲಕ್ಷದಲ್ಲಿ 0.1 ಭಾಗ ಮಾತ್ರ. ರಬ್ಬರು, ಎಲಾಸ್ಟಿಕ್ ಕೂಡ ಅದರಿಂದ ಬಿರುಕು ಬಿಡುತ್ತವೆ. ಮುಚ್ಚಿದ ಕೋಣೆಯಲ್ಲೋ ಕಾರಿನಲ್ಲೋ ಅದನ್ನು ಹಚ್ಚಿಕೊಂಡು ಕೂರಬೇಡಿ, ದಯವಿಟ್ಟು.

ಕ್ಯಾಮೆರಾಕಣ್ಣು

ನಾನು ಬೇಟೆಯಾಡುವುದಿಲ್ಲ, ಜಿಂಕೆಯ ಫೋಟೋ ತೆಗೆಯುತ್ತೇನೆ. ಆದರೆ ನನಗೂ ಇಪ್ಪತ್ತು ಹೆಜ್ಜೆ ಹತ್ತಿರವೇ ಬೇಕು, ಹಾಗಾಗಿ ಕಷ್ಟ ಒಂದೇ.

ರಸಾಯನಪ್ರಿಯೆ ಮೇಡಂ ಹೇಳಿದ್ದನ್ನು ನಮ್ಮ ಮನೆ ನಾಯಿಯ ಮೇಲೆ ನೋಡಿದ್ದೇನೆ. ಸ್ನಾನ, ಸ್ಪ್ರೇ, ಒಗೆದ ಬಟ್ಟೆ ಎಲ್ಲ ಮುಗಿಸಿ ಒಂದು ಪೊದೆ ಹಿಂದೆ ಅಡಗಿ ಕೂತೆ. ನಾಯಿಯನ್ನು ಗಾಳಿ ಹೋಗುವ ಕಡೆಯಿಂದ ಬಿಡಿಸಿದೆವು. ಎರಡು ನಿಮಿಷದೊಳಗೆ ನನ್ನ ಮಡಿಲಲ್ಲಿತ್ತು. ಮಾರನೇ ದಿನ ಎರಡು ದಿನ ಹಾಕಿದ ಅಂಗಿಯಲ್ಲೇ ಕೂತೆ, ಈ ಸಲ ನಾಯಿಯನ್ನು ಗಾಳಿ ಬರುವ ಕಡೆಯಿಂದ ಬಿಡಿಸಿದೆವು. ಹತ್ತು ಹೆಜ್ಜೆ ದೂರದಲ್ಲಿ ಓಡಾಡಿಕೊಂಡೇ ಇತ್ತು, ಪಾಪ, ನಾನೆಲ್ಲಿ ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ನನಗೆ ಗಾಳಿಯೇ ಮೊದಲು.

ಗಾಳಿ ನೋಡಲು ನಾನು ಇಟ್ಟುಕೊಳ್ಳುವುದು ಅಜ್ಜನ ಗಡ್ಡ. ಚಿಕ್ಕವರಿದ್ದಾಗ ಊದಿ ಹಾರಿಸುತ್ತಿದ್ದೆವಲ್ಲ, ಎಕ್ಕದ ಜಾತಿಯ ಗಿಡಗಳ ಬೀಜಕ್ಕೆ ಇರುವ ರೇಷ್ಮೆಯಂಥ ಅರಳೆ, ಅದು. ಒಂದು ಕಾಯಿಯನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡರೆ ಇಡೀ ಋತುವಿಗೆ ಸಾಕು. ಬೀಜ ಕಿತ್ತು ಬರೀ ಎಳೆಗಳನ್ನು ಬಿಡಬೇಕು. ಪುಡಿ ಹಾರಿಸಿದರೆ ಎರಡು ಮೀಟರಿನಲ್ಲಿ ಕಣ್ಣಿಗೆ ಕಾಣದಂತಾಗುತ್ತದೆ. ಅಜ್ಜನ ಗಡ್ಡ ಐವತ್ತು ಹೆಜ್ಜೆವರೆಗೂ ಕಾಣುತ್ತದೆ. ನಿಮ್ಮ ಕೈಯಿಂದ ಹೊರಟು ಮುಂದೆ ಹೋಗಿ, ಒಂದು ಮರದ ಹತ್ತಿರ ನಿಂತು, ಸುತ್ತಿ, ಇದ್ದಕ್ಕಿದ್ದ ಹಾಗೆ ಎಡಕ್ಕೆ ತಿರುಗಿ ತಗ್ಗಿಗೆ ಇಳಿಯುವುದನ್ನು ಒಂದು ಸಲ ನೋಡಿ. ನಿಮ್ಮ ವಾಸನೆ ಹೋಗುವ ದಾರಿಯೂ ಅದೇ.

ಹೊಸಬಿಲ್ಲು

ಇಷ್ಟೊಂದು ಬರೆದದ್ದಕ್ಕೆ ತುಂಬಾ ಧನ್ಯವಾದ. ಅಜ್ಜನ ಗಡ್ಡ ಹುಡುಕುತ್ತೇನೆ.

ಒಂದು ಅನುಮಾನ. ನನ್ನ ವಾಸನೆಯ ಮೇಲೆ ಬೇರೆ ವಾಸನೆ ಹಚ್ಚಿಕೊಂಡರೆ? ನರಿಯ ಮೂತ್ರ, ಮಣ್ಣಿನ ವಾಸನೆ, ಹೆಣ್ಣು ಜಿಂಕೆಯ ಮೂತ್ರ ಅಂತೆಲ್ಲ ಬಾಟಲಿಯಲ್ಲಿ ಮಾರುತ್ತಾರೆ.

ಮುಂಜಾವು

ಜಿಂಕೆಯ ಮೂಗಿಗೆ ವಾಸನೆ ಮುಚ್ಚಿಹೋಗುವುದಿಲ್ಲ. ಅದಕ್ಕೆ ನರಿಯೂ ಸಿಗುತ್ತದೆ, ನೀವೂ ಸಿಗುತ್ತೀರಿ, ಇಬ್ಬರೂ ಬೇರೆ ಬೇರೆಯಾಗಿ. ಜಾಗದ ಎಲೆ, ಮಣ್ಣನ್ನು ಬಟ್ಟೆಯ ಡಬ್ಬಕ್ಕೆ ಹಾಕಿಡುವುದರಿಂದ ನಷ್ಟವಂತೂ ಇಲ್ಲ. ಅದರ ಮೇಲೆ ಭರವಸೆ ಇಟ್ಟು ತಪ್ಪು ಗಾಳಿಯಲ್ಲಿ ಕೂರಬೇಡಿ ಅಷ್ಟೇ.

ರಸಾಯನಪ್ರಿಯೆ

ಜಿಂಕೆಯ ಮೂತ್ರದ ಬಗ್ಗೆ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಒಂದು ರೋಗ ಇದೆ. 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ, ಸಂಶೋಧನೆಗೆ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡದ್ದು. ಮಿದುಳು ಹಾಳಾಗಿ, ಮೈ ಕರಗಿ, ಜಿಂಕೆ ಸಾಯುತ್ತದೆ. ಔಷಧಿ ಇಲ್ಲ. ಅದಕ್ಕೆ ಕಾರಣ ಪ್ರಿಯಾನ್ ಅನ್ನುವ, ಮಡಿಕೆ ತಪ್ಪಿದ ಪ್ರೋಟೀನು. ರೋಗದ ಜಿಂಕೆಯ ಜೊಲ್ಲು, ಸಗಣಿ, ಮೂತ್ರ ಎಲ್ಲದರಲ್ಲೂ ಅದು ಹೊರಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಾಟಲಿಯ ಮೂತ್ರ ಸಾಕಿದ ಜಿಂಕೆಗಳದ್ದು. ಅದನ್ನು ತಂದು ಕಾಡಿನ ಮಣ್ಣಿಗೆ ಸುರಿಯುವುದು ಯಾಕೆ? ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇದನ್ನು ನಿಷೇಧ ಮಾಡಿದ್ದಾರೆ. ನಿಮ್ಮ ಕಡೆ ನಿಷೇಧ ಇಲ್ಲದಿದ್ದರೂ ಬಳಸಬೇಡಿ. ಈ ಪ್ರಾಣಿಯನ್ನು ನಂಬಿಕೊಂಡೇ ನಾವು ಕಾಡಿಗೆ ಹೋಗುವುದು, ಅದರ ಮೇಲೆ ರೋಗ ತರುವ ಕೆಲಸ ನಮ್ಮಿಂದ ಆಗಬಾರದು.

ಗಂಡು ಜಿಂಕೆಗೆ ಮೂತ್ರದಿಂದ ಏನು ತಿಳಿಯುತ್ತದೆ ಅನ್ನುವುದು ಬೇರೆ ವಿಷಯ, ಚೆಂದದ ವಿಷಯ. ಹೆಣ್ಣಿನ ಮೂತ್ರ ಮೂಸಿ, ತಲೆ ಎತ್ತಿ, ಮೇಲಿನ ತುಟಿ ಸುರುಳಿ ಮಾಡಿ ನಿಲ್ಲುವುದನ್ನು ನೋಡಿರಬಹುದು. ಬಾಯಿಯ ಅಂಗುಳಿನ ಮೇಲೆ ವಾಸನೆಗೆಂದೇ ಇನ್ನೊಂದು ಅಂಗ ಇದೆ, ಅಲ್ಲಿಗೆ ಅದನ್ನು ಎಳೆದುಕೊಳ್ಳುವ ರೀತಿ ಅದು. ಆ ತಾಯಿ ಮೂಗು ನೆಕ್ಕಿಕೊಂಡದ್ದು ಕೂಡ ಸುಮ್ನೆ ಅಲ್ಲ. ಒದ್ದೆ ಮೂಗಿಗೆ ವಾಸನೆಯ ಅಣುಗಳು ಚೆನ್ನಾಗಿ ಅಂಟುತ್ತವೆ. ಕಾಲು ಕುಟ್ಟಿದಾಗ ಗೊರಸುಗಳ ನಡುವೆ ಇರುವ ಗ್ರಂಥಿಯ ವಾಸನೆಯೂ ನೆಲಕ್ಕೆ ಬೀಳುತ್ತದೆ.

ಹಳೆಬೂಟು

ಬೂಟಿನ ಮಾತು ಯಾರೂ ಎತ್ತಿಲ್ಲ. ಹೆಸರಿಗೆ ತಕ್ಕ ಹಾಗೆ ನಾನೇ ಎತ್ತುತ್ತೇನೆ.

ಚರ್ಮದ ಬೂಟು, ಬಟ್ಟೆಯ ಬೂಟು ವಾಸನೆ ಹೀರಿಕೊಂಡು ಹೆಜ್ಜೆ ಹೆಜ್ಜೆಗೂ ಬಿಡುತ್ತಾ ಹೋಗುತ್ತದೆ. ಮೊಣಕಾಲುವರೆಗೆ ಬರುವ ರಬ್ಬರ್ ಬೂಟು ಹಾಕಿ, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿ. ಆ ಬೂಟಿನಲ್ಲಿ ಪೆಟ್ರೋಲ್ ಬಂಕಿಗೆ ಕಾಲಿಡಬೇಡಿ. ಕಾರಿನಲ್ಲಿ ಬೇರೆ ಚಪ್ಪಲಿ, ಇಳಿದ ಮೇಲೆ ಬೂಟು. ಕೈಯಿಂದ ಕೊಂಬೆ ಸರಿಸಿಕೊಂಡು ಹೋಗುವ ಅಭ್ಯಾಸ ಇದ್ದರೆ ಕೈಗವಸು ಹಾಕಿ. ಸೊಂಟದ ಎತ್ತರಕ್ಕೆ ಇರುವ ಎಲೆ ಅಂದರೆ ಜಿಂಕೆಯ ಮೂಗಿನ ಎತ್ತರ.

ಹವೆಯನ್ನೂ ನೋಡಿಕೊಳ್ಳಿ. ನೆಲ ತೇವ ಇದ್ದು ತಂಪಿದ್ದರೆ ಹೆಜ್ಜೆಯ ವಾಸನೆ ಬಹಳ ಹೊತ್ತು ಉಳಿಯುತ್ತದೆ. ಬಿಸಿಲಿಗೆ ಕಾದು ಒಣಗಿದ ನೆಲದಲ್ಲಿ ಬೇಗ ಹೋಗುತ್ತದೆ. ಒಳ್ಳೆಯ ಮಳೆ ತೊಳೆದುಬಿಡುತ್ತದೆ. ಸಣ್ಣ ಹನಿ ಶುರುವಾಗುವ ಮುಂಚೆ ನಡೆದು ಹೋಗಿ ಕೂರುವುದು ನನಗೆ ಬಹಳ ಇಷ್ಟ.

ಮತ್ತೊಂದು ಮಾತು ತಂಗಿ ರಸಾಯನಪ್ರಿಯೆ ಹೇಳಲಿ ಅಂತ ಕಾದೆ. ಬಟ್ಟೆಯ ಸೋಪಿನ ಪುಡಿಯಲ್ಲಿ ಬಿಳುಪಿಗೆ ಹಾಕುವ ಹೊಳಪಿನ ಪದಾರ್ಥ ಇರುತ್ತಲ್ಲ?

ರಸಾಯನಪ್ರಿಯೆ

ಹೌದು ಅಣ್ಣ, ಬಿಟ್ಟುಹೋಗಿತ್ತು. ಅದು ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಜಿಂಕೆಯ ಕಣ್ಣು ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಣ್ಣಿನ ಮಸೂರ ಅತಿನೇರಳೆಯನ್ನು ತಡೆದುಬಿಡುತ್ತದೆ, ಜಿಂಕೆಯದು ಬಹಳಷ್ಟನ್ನು ಒಳಗೆ ಬಿಡುತ್ತದೆ. ಕಿತ್ತಳೆ ಬಣ್ಣ ಅದಕ್ಕೆ ಅಷ್ಟಾಗಿ ಎದ್ದು ಕಾಣುವುದಿಲ್ಲ, ಹಾಗಾಗಿ ಸುರಕ್ಷತೆಯ ಕಿತ್ತಳೆ ಅಂಗಿಯನ್ನು ಬಿಡಬೇಡಿ. ಪರಿಮಳವೂ ಹೊಳಪೂ ಇಲ್ಲದ ಸೋಪು ಹುಡುಕಿ, ಅಷ್ಟೇ.

ಮುಂಜಾವು

ಹೊಸಬಿಲ್ಲು, ನಿಮ್ಮ ಜಾಗದ ಬಗ್ಗೆ ಯೋಚಿಸುತ್ತಿದ್ದೆ. ಆ ಅಟ್ಟಣೆ ಸಂಜೆಗೆ ಕೆಟ್ಟದ್ದು, ಬೆಳಿಗ್ಗೆಗೆ ಬಂಗಾರದಂಥದ್ದು. ಪೂರ್ವಕ್ಕೆ ಮುಖ ಅಂದರೆ ಬೆಳಗಿನ ಮೊದಲ ಬಿಸಿಲು ಅಲ್ಲೇ ಬೀಳುತ್ತದೆ. ಗಾಳಿ ಇಳಿಜಾರಿನ ಮೇಲಕ್ಕೆ ಏರುತ್ತದೆ, ನಿಮ್ಮ ವಾಸನೆ ಗುಡ್ಡದ ತಲೆಗೆ ಹೋಗುತ್ತದೆ, ತೊರೆ ಶುದ್ಧ.

ಆದರೆ ಕತ್ತಲಲ್ಲೇ ಹೋಗಿ ಕೂರಬೇಡಿ. ಬೆಳಗಿನ ಜಾವದಲ್ಲಿ ತಣ್ಣನೆ ಗಾಳಿ ಇನ್ನೂ ಕೆಳಕ್ಕೇ ಜಾರುತ್ತಿರುತ್ತದೆ. ಬಿಸಿಲು ಬಿದ್ದ ಮೇಲೂ ನೆಲ ಕಾಯಲು ಅರ್ಧ ಮುಕ್ಕಾಲು ಗಂಟೆ ಬೇಕು. ಆ ನಡುವಿನ ಹೊತ್ತಿನಲ್ಲಿ ಗಾಳಿ ಅಲ್ಲೇ ಸುತ್ತುತ್ತದೆ, ಅದು ಎಲ್ಲಕ್ಕಿಂತ ಕಷ್ಟದ ಹೊತ್ತು. ಮೋಡ ಮುಚ್ಚಿದ ದಿನ ಈ ಲೆಕ್ಕ ಕೈಕೊಡುತ್ತದೆ, ಬಿಸಿಲೇ ಇಲ್ಲದಿದ್ದರೆ ಏರುವುದೆಲ್ಲಿಂದ? ಬಿಸಿಲಿನ ದಿನ ಆರಿಸಿ, ತಡವಾಗಿ ಹೋಗಿ. ಕತ್ತಲಲ್ಲಿ ಹೋಗದಿದ್ದರೆ ಬೇಟೆಯೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಕೇಳಬೇಡಿ. ಬೆದೆಯ ಕಾಲದಲ್ಲಿ ಗಂಡುಗಳು ಹಗಲಿನಲ್ಲೂ ಓಡಾಡುತ್ತವೆ.

ಹಳೆಬೂಟು

ಸರಿಯಾದ ಮಾತು. ಸಂಜೆ ಕೂರಲೇಬೇಕು ಅಂದರೆ ಬೇರೆ ಮರ ಹುಡುಕಿ. ತೊರೆಯ ಮಟ್ಟಕ್ಕೆ ಇಳಿದು, ಈಗಿನ ಜಾಗಕ್ಕಿಂತ ದಕ್ಷಿಣಕ್ಕೆ. ಜಾರಿದ ಗಾಳಿ ತೊರೆ ಸೇರಿ ದಕ್ಷಿಣಕ್ಕೆ ಹೋಗುತ್ತದೆ, ಜಿಂಕೆ ಬರುವುದು ಉತ್ತರದಿಂದ. ಅದು ನಿಮ್ಮನ್ನು ದಾಟುವ ತನಕ ವಾಸನೆ ಸಿಗುವುದಿಲ್ಲ. ಬಾಣ ಬಿಡುವ ಸಮಯ ಅದಕ್ಕಿಂತ ಮುಂಚೆಯೇ ಬರುತ್ತದೆ.

ಅಟ್ಟಣೆಯನ್ನು ಇನ್ನೂ ಎತ್ತರ ಮಾಡಿದರೆ ಆಗುತ್ತದಾ ಅಂತ ಕೇಳುವ ಮೊದಲೇ ಹೇಳುತ್ತೇನೆ. ಎತ್ತರದಿಂದ ಹೊರಟ ವಾಸನೆ ಹತ್ತಿರದ ಜಿಂಕೆಯ ತಲೆ ಮೇಲೆ ಹಾದು ದೂರದಲ್ಲಿ ನೆಲ ಮುಟ್ಟಬಹುದು, ಅದು ಬಯಲಿನಲ್ಲಿ, ಗಾಳಿ ಚೆನ್ನಾಗಿ ಬೀಸುವಾಗ. ಇಳಿಜಾರಲ್ಲಿ ಸಂಜೆ ಹೊತ್ತು ಅದು ಕೆಳಗೇ ಬೀಳುತ್ತದೆ. ಎತ್ತರ ಜಾಸ್ತಿ ಆದಷ್ಟೂ ಬೀಳುವ ಅಪಾಯ ನಿಮಗೆ. ಸೇಫ್ಟಿ ಬೆಲ್ಟನ್ನು ನೆಲದ ಮೇಲೆ ಇರುವಾಗಲೇ ಮರಕ್ಕೆ ಸಿಕ್ಕಿಸಿ, ಮೇಲೆ ಹೋದ ಮೇಲೆ ಅಲ್ಲ.

ಈ ವಾರ ಒಂದು ಸಂಜೆ ಬಿಲ್ಲು ಬಿಟ್ಟು ಹೋಗಿ. ಅಜ್ಜನ ಗಡ್ಡ ಮಾತ್ರ ತಗೊಳ್ಳಿ.

ಹೊಸಬಿಲ್ಲು

ಹನ್ನೆರಡು ದಿನ ಆಯಿತು. ಆದದ್ದನ್ನೆಲ್ಲ ಬರೆಯುತ್ತೇನೆ.

ಮೊದಲು ಬಿಲ್ಲಿಲ್ಲದೆ ಒಂದು ಸಂಜೆ ಹೋದೆ. ಈ ಸಲ ಗುಡ್ಡದ ಹಿಂದಿನಿಂದ ಸುತ್ತಿ ಬಂದು ಮೇಲಿನಿಂದ ಅಟ್ಟಣೆ ಸೇರಿದೆ. 3:30ಕ್ಕೆ ಮೊದಲ ಎಳೆ ಬಿಟ್ಟೆ. ಹೆಗಲ ಮೇಲಿಂದ ಹಿಂದಕ್ಕೆ, ಗುಡ್ಡದ ಕಡೆ ಹೋಯಿತು. ನಾನು ಅಂದುಕೊಂಡ ಹಾಗೆಯೇ. 4 ಗಂಟೆಗೆ ನೆರಳು ನನ್ನ ಮರ ದಾಟಿತು. 4:15ಕ್ಕೆ ಬಿಟ್ಟ ಎಳೆ ಕೈ ಮುಂದೆಯೇ ತೂಗಿಕೊಂಡು ನಿಂತಿತು. ಎಷ್ಟು ಹೊತ್ತೋ ಅಲ್ಲೇ ಇತ್ತು. 4:40ಕ್ಕೆ ಇನ್ನೊಂದು ಬಿಟ್ಟೆ. ಅದು ನನ್ನ ಮೊಣಕಾಲು, ಬೂಟು ಸವರಿಕೊಂಡು, ಯಾರೋ ದಾರ ಹಿಡಿದು ಎಳೆದ ಹಾಗೆ ಇಳಿಜಾರಿನ ಗುಂಟ ಇಳಿಯಿತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನನ್ನ ಕೆನ್ನೆಗೆ ಏನೂ ಗೊತ್ತಾಗಲಿಲ್ಲ. ಎಳೆ ಮಾತ್ರ ತೊರೆವರೆಗೂ ಹೋಗಿ, ಅಲ್ಲಿ ದಕ್ಷಿಣಕ್ಕೆ ತಿರುಗಿ ಮರೆಯಾಯಿತು. ಅವತ್ತು ತಾಯಿ ಜಿಂಕೆ ನಿಂತ ಜಾಗದ ಪಕ್ಕದಲ್ಲೇ ಹಾದುಹೋಯಿತು. ಮೂರು ವರ್ಷ ಏನೆಲ್ಲ ಕೊಂಡು ತಂದೆ, ಒಂದು ಸಂಜೆಯೂ ಇದನ್ನು ನೋಡಿರಲಿಲ್ಲ ಅಂತ ಬಹಳ ಹೊತ್ತು ಹಾಗೇ ಕೂತಿದ್ದೆ.

ನಿನ್ನೆ ಬೆಳಿಗ್ಗೆ ಬಿಲ್ಲು ತಗೊಂಡು ಹೋದೆ. ಆಕಾಶ ಶುಭ್ರವಾಗಿತ್ತು. ಬಿಸಿಲು ಇಳಿಜಾರಿಗೆ ಬಿದ್ದದ್ದು 7:05ಕ್ಕೆ, ಅಲ್ಲಿಯವರೆಗೂ ಗುಡ್ಡದ ಹಿಂದೆಯೇ ಕಾದೆ. ಜಾಕೆಟ್ ಚೀಲದಲ್ಲೇ ಇತ್ತು. 7:40ಕ್ಕೆ ಎಳೆ ಏರಲು ಶುರುವಾಯಿತು, ಆಮೇಲೆ ಹತ್ತಿದೆ. 8:20ಕ್ಕೆ ಅದೇ ತಾಯಿ, ಅದೇ ಎರಡು ಮರಿ. ಅದೇ ಅಂತ ಹೇಗೆ ಗೊತ್ತು ಅಂದರೆ, ಒಂದು ಮರಿಯ ಎಡಗಿವಿ ಹರಿದಿದೆ. ಇಪ್ಪತ್ತು ಹೆಜ್ಜೆಯಲ್ಲಿ ಇಪ್ಪತ್ತೈದು ನಿಮಿಷ ಮೇಯ್ದವು. ತಾಯಿ ಎರಡು ಸಲ ತಲೆ ಎತ್ತಿತು, ಮೂಗು ನೆಕ್ಕಿಕೊಂಡಿತು, ಮತ್ತೆ ತಲೆ ತಗ್ಗಿಸಿತು. ಅದರ ರೆಪ್ಪೆ ಮುಚ್ಚಿ ತೆರೆಯುವುದು ಕಾಣುತ್ತಿತ್ತು. ಅದಕ್ಕೆ ಬಾಣ ಬಿಡಲು ನನಗೆ ಮನಸ್ಸೇ ಬರಲಿಲ್ಲ, ಮರಿಗಳು ಜೊತೆಗಿದ್ದವು.

9:10ಕ್ಕೆ ಗಂಡು ಬಂತು. ಮೂಗು ನೆಲಕ್ಕೆ ಇಟ್ಟು, ಹೆಣ್ಣಿನ ಜಾಡಿನಲ್ಲೇ. ನಾನು ಅವತ್ತು ಗುರುತು ನೋಡಿದ ಜಾಗವನ್ನು ದಾಟಿತು, ನಿಲ್ಲಲಿಲ್ಲ. ಹದಿನೆಂಟು ಹೆಜ್ಜೆಯಲ್ಲಿ ಪಕ್ಕ ತಿರುಗಿತು. ಒಂದೇ ಬಾಣ. ನಲವತ್ತು ಹೆಜ್ಜೆಯೊಳಗೆ ಬಿತ್ತು, ನನ್ನ ಕಣ್ಣೆದುರಿಗೇ. ಅರ್ಧ ಗಂಟೆ ಇಳಿಯಲಿಲ್ಲ. ಕೈ ನಡುಗುತ್ತಿತ್ತು. ನರಳಲಿಲ್ಲವಲ್ಲ ಅನ್ನುವುದೇ ದೊಡ್ಡ ಸಮಾಧಾನ. ಐವತ್ತು ಹೆಜ್ಜೆಯಿಂದ ಆತುರಕ್ಕೆ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಗೊತ್ತು.

ಹಳೆಬೂಟು ಸರ್, ನಿಮ್ಮ ಮೂಗಿನ ಪ್ರಶ್ನೆಯನ್ನು ಮರೆಯುವುದಿಲ್ಲ.

ಕ್ಯಾಮೆರಾಕಣ್ಣು

ಓದುತ್ತಾ ಮೈ ಜುಮ್ಮೆಂದಿತು. ಆ ಹರಿದ ಕಿವಿಯ ಮರಿಯನ್ನು ಮುಂದಿನ ವರ್ಷವೂ ನೋಡಿದರೆ ಇಲ್ಲಿ ಬರೆಯಿರಿ.

ಹಳೆಬೂಟು

ಬಹಳ ಸಂತೋಷ ಆಯಿತು. ನರಳಲಿಲ್ಲ ಅಂದಿರಲ್ಲ, ಅದನ್ನು ಎರಡು ಸಲ ಓದಿದೆ.

ಗಂಡನ್ನು ಎಳೆದು ತರುವಾಗ ತೊರೆಯ ದಾರಿಯಲ್ಲೆಲ್ಲ ಓಡಾಡಿರುತ್ತೀರಿ. ಬೇರೆ ದಾರಿ ಇರಲಿಲ್ಲ, ಸರಿ. ಇನ್ನು ಒಂದು ಒಳ್ಳೆಯ ಮಳೆ ಬೀಳುವವರೆಗೆ ಆ ಕಡೆ ಹೋಗಬೇಡಿ. ಬಟ್ಟೆಯನ್ನು ಇವತ್ತೇ ಒಗೆದು ಡಬ್ಬಕ್ಕೆ ಹಾಕಿಡಿ.